ಕಷ್ಟಕ್ಕೆ ಪಿಸ್ತೂಲು ಕಳಿಸಬೇಡಿ

ನಮಸ್ಕಾರ, ಬನ್ನಿ. ಇವತ್ತು ಬೇರೆ ವಿಷಯ ಇಟ್ಟುಕೊಂಡಿದ್ದೆ. ಅದನ್ನು ಪಕ್ಕಕ್ಕಿಟ್ಟೆ. ಹೋದ ಎಪಿಸೋಡಿನಲ್ಲಿ, ಕೆಲವು ಕರೆಗಳಿಗೆ ಪೊಲೀಸರ ಬದಲು ಆಯುಧವಿಲ್ಲದ ಸಮಾಜಸೇವಕರನ್ನು ಕಳಿಸಿ ಅಂದಿದ್ದೆ. ಅದಕ್ಕೆ ಬಂದ ಒಂದು ಕಾಮೆಂಟೇ ಕಾರಣ. "ಚಾಕು ಹಿಡಿದು ನಿಂತವನ ಮುಂದೆ ನಿಮ್ಮ ಸಮಾಜಸೇವಕರು ಭಜನೆ ಮಾಡುತ್ತಾರಾ?" ಅಂತ. ಅದಕ್ಕೆ ಬಿದ್ದ ಲೈಕು ನೋಡಿ ಮೈ ಉರಿಯಿತು.

ಸ್ವಾಮಿ, ಚಾಕು ಎಲ್ಲಿಂದ ಬಂತು? ನಾನು ಹೇಳಿದ್ದು ಅಮೆರಿಕದ ತುರ್ತು ನಂಬರ್ 911ಕ್ಕೆ ಬರುವ ಬೇರೆ ಥರದ ಕರೆಗಳ ಬಗ್ಗೆ. ಯಾರೋ ರಸ್ತೆಯಲ್ಲಿ ತಮ್ಮಷ್ಟಕ್ಕೆ ಕೂಗಾಡುತ್ತಿದ್ದಾರೆ. ಯಾರೋ ಕುಡಿದು ಚಳಿಯಲ್ಲಿ ಬಿದ್ದಿದ್ದಾರೆ. ಮಗಳು ಸಾಯುತ್ತೇನೆ ಎಂದು ಬಾಗಿಲು ಹಾಕಿಕೊಂಡಿದ್ದಾಳೆ. ಇದರಲ್ಲಿ ಅಪರಾಧ ಏನಿದೆ? ಇದು ಕಷ್ಟ. ಕಷ್ಟಕ್ಕೆ ಪಿಸ್ತೂಲು ಕಳಿಸಬೇಡಿ. ನನ್ನ ಮಾತು ಇಷ್ಟೇ.

2020ರ ಮಾರ್ಚ್. ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್. ಡೇನಿಯಲ್ ಪ್ರೂಡ್ ಮನಸ್ಸು ಹದ ತಪ್ಪಿ ರಾತ್ರಿ ಮನೆ ಬಿಟ್ಟು ಹೊರಟರು. ಕಾಪಾಡಿ ಎಂದು ಒಡಹುಟ್ಟಿದವರೇ ಫೋನ್ ಮಾಡಿದರು. ಬಂದವರು ಪೊಲೀಸರು. ಡೇನಿಯಲ್ ಮೈಮೇಲೆ ಬಟ್ಟೆಯಿಲ್ಲ, ಮೇಲಿಂದ ಹಿಮ ಬೀಳುತ್ತಿದೆ. ಕೈಗೆ ಕೋಳ ಹಾಕಿದರು. ಉಗುಳುತ್ತಿದ್ದಾರೆ ಎಂದು ತಲೆಗೆ ಮುಸುಕು ಹಾಕಿದರು. ಆ ತಲೆಯನ್ನು ರಸ್ತೆಗೆ ಒತ್ತಿ ಹಿಡಿದರು. ಒಂದು ವಾರಕ್ಕೆ ಅವರು ಆಸ್ಪತ್ರೆಯಲ್ಲಿ ತೀರಿಕೊಂಡರು. ಮೊದಲು ಒಂದು ಕಂಬಳಿ ಹೊದಿಸಬೇಕಿತ್ತು, ಅಲ್ವಾ? ಕಂಬಳಿ!

ಈಗ ಆರೆಗಾನ್ ರಾಜ್ಯದ ಯೂಜೀನ್ ನೋಡಿ. ವೈಟ್ ಬರ್ಡ್ ಕ್ಲಿನಿಕ್ 1989ರಲ್ಲಿ ಅಲ್ಲಿ ಕಹೂಟ್ಸ್ ಎಂಬ ಸೇವೆ ಶುರು ಮಾಡಿತು. ಇಂಥ ಕರೆಗಳಿಗೆ ಪೊಲೀಸರ ಬದಲು ಇವರು ಹೋಗುತ್ತಿದ್ದರು. ಒಂದು ವ್ಯಾನು, ಇಬ್ಬರು ಜನ. ಒಬ್ಬರಿಗೆ ವೈದ್ಯಕೀಯ ತರಬೇತಿ ಇರುತ್ತಿತ್ತು. ಇನ್ನೊಬ್ಬರು ಸಂಕಟದಲ್ಲಿರುವವರ ಜೊತೆ ಮಾತಾಡಿ ಪಳಗಿದವರು. ಆಯುಧ ಇರಲಿಲ್ಲ. ಕೊಡುವುದಕ್ಕೆ ನೀರು, ಕಾಲುಚೀಲ, ಕಂಬಳಿ. 2019ರಲ್ಲಿ ಸುಮಾರು 24,000 ಕರೆ ಬಂದವು. ಪೊಲೀಸರ ನೆರವು ಕೇಳಿದ್ದು ನೂರಕ್ಕೆ ಎರಡು ಸಲವೂ ಇಲ್ಲ. ಚಾಕುವಿನ ಅಣ್ಣ, ಕೇಳಿಸಿತಾ?

ಅದು ಸಣ್ಣ ಊರು ಅಂತೀರಾ? ಡೆನ್ವರ್ ಸಣ್ಣ ಊರಲ್ಲ. ಅಲ್ಲಿ 2020ರ ಜೂನ್‌ನಲ್ಲಿ ಸ್ಟಾರ್ ಎಂಬ ಇಂಥದ್ದೇ ಸೇವೆ ಶುರುವಾಯಿತು. ಮೊದಲ ಆರು ತಿಂಗಳಲ್ಲಿ 748 ಕರೆಗೆ ಹೋದರು. ಒಬ್ಬರ ಬಂಧನವೂ ಆಗಲಿಲ್ಲ.

ಕಹೂಟ್ಸ್ ಮುಚ್ಚಿತಲ್ಲ ಅಂತೀರಾ? ಹೌದು, 2025ರ ಏಪ್ರಿಲ್‌ನಲ್ಲಿ ಯೂಜೀನ್‌ನಲ್ಲಿ ನಿಂತಿತು. ದುಡ್ಡಿಲ್ಲದೆ ನಿಂತಿತು. ದುಡ್ಡು ಕೊಡದೆ ನಿಲ್ಲಿಸಿ, ಆಮೇಲೆ ನಡೆಯಲಿಲ್ಲ ಎನ್ನುವುದು ಯಾವ ನ್ಯಾಯ?

ಈ ವಿಡಿಯೋ ಇಷ್ಟವಾಗುತ್ತಿದ್ದರೆ ಚಾನೆಲ್ ಸಬ್‌ಸ್ಕ್ರೈಬ್ ಮಾಡಿ. ಮುಂದಿನ ವಾರ ಪೂರ್ತಿ ಫ್ರೀಡಂ ಹೌಸ್ ಎಂಬ ಆಂಬುಲೆನ್ಸ್ ಸೇವೆಯ ಕಥೆ. ಒಂಚೂರು ಈಗಲೇ ಹೇಳುತ್ತೇನೆ, ತಡೆಯಲಾಗುತ್ತಿಲ್ಲ. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ 1960ರ ದಶಕದಲ್ಲಿ ಎದೆನೋವು ಬಂದರೆ ಪೊಲೀಸ್ ವ್ಯಾನೇ ಬರುತ್ತಿತ್ತು. ಹಿಂದೆ ಮಲಗಿಸಿಕೊಂಡು ಆಸ್ಪತ್ರೆಗೆ ಓಡಿಸುವುದು, ಅಷ್ಟೇ ಚಿಕಿತ್ಸೆ. 1967ರಲ್ಲಿ ಹಿಲ್ ಡಿಸ್ಟ್ರಿಕ್ಟ್ ಬಡಾವಣೆಯ ಕಪ್ಪು ಜನ ತಾವೇ ತರಬೇತಿ ಪಡೆಯಲು ಮುಂದೆ ಬಂದರು, ಆಂಬುಲೆನ್ಸ್ ಹತ್ತಿದರು. ಇವತ್ತು ಅಲ್ಲಿ ಎದೆನೋವಿಗೆ ಪೊಲೀಸರೇ ಬರಲಿ ಎನ್ನುವವರು ಇದ್ದಾರಾ? ಹಾಗಾದರೆ ಮನಸ್ಸಿನ ನೋವಿಗೆ ಮಾತ್ರ ಯಾಕೆ?

ಚಾಕು ಇದ್ದಲ್ಲಿ ಪೊಲೀಸರೇ ಹೋಗಲಿ. ಬೇಡ ಅಂದವರು ಯಾರು? ಆದರೆ ಕಷ್ಟಕ್ಕೆ ಪಿಸ್ತೂಲು ಕಳಿಸಬೇಡಿ. ಕಳಿಸಬೇಡಿ ಅಂದರೆ ಕಳಿಸಬೇಡಿ! ಎಷ್ಟು ಸಲ ಹೇಳಲಿ?

ಕಾಮೆಂಟ್ ಹಾಕಿದ ಅಣ್ಣ, ನಿಮ್ಮ ಮೇಲೆ ದ್ವೇಷ ಇಲ್ಲ. ಒಂದೇ ಪ್ರಶ್ನೆ. ಹಿಮ ಬೀಳುವ ರಸ್ತೆಯಲ್ಲಿ ನಿಮ್ಮ ತಮ್ಮ ಬಟ್ಟೆಯಿಲ್ಲದೆ ಕೂತಿದ್ದಾನೆ. ಫೋನ್ ನಿಮ್ಮ ಕೈಯಲ್ಲಿದೆ. ಯಾರು ಬರಲಿ ಅಂತ ಕೇಳುತ್ತೀರಿ? ಕೆಳಗೆ ಬರೆಯಿರಿ. ನಾನೇ ಓದುತ್ತೇನೆ.