ಓಸ್ಟಿಯಾದಲ್ಲಿ ಇಟ್ಟಿಗೆಯ ಮುದ್ರೆ ಓದುವುದು

ರೈಲು, ಟಿಕೆಟ್, ಪೈನ್ ಮರಗಳ ದಾರಿ ಎಲ್ಲವೂ ಈ ವಿಡಿಯೊದಲ್ಲಿ ನಿಮ್ಮ ತೆರೆಯ ಮೇಲಿದೆ, ಅದನ್ನು ಹೇಳುವುದು ಬಿಡುತ್ತೇನೆ. ಇದು ಓಸ್ಟಿಯಾ ಆಂಟಿಕಾ, ಪ್ರಾಚೀನ ರೋಮಿನ ಬಂದರು. ಬಂದವರೆಲ್ಲ ನೇರವಾಗಿ ರಂಗಮಂದಿರಕ್ಕೆ ಹೋಗುತ್ತಾರೆ. ನಾನು ಬಂದಿರುವುದು ಇಟ್ಟಿಗೆ ನೋಡಲು.

ಇಗೋ, ಈ ಒಡೆದ ಇಟ್ಟಿಗೆಯ ಮೇಲೆ ದುಂಡನೆಯ ಮುದ್ರೆಯಿದೆ. ನಿಮಗೆ ಏನೂ ಕಾಣುತ್ತಿಲ್ಲ, ನನಗೂ ಸರಿಯಾಗಿ ಕಾಣುತ್ತಿಲ್ಲ. ಕಾರಣ ಬಿಸಿಲು. ಸೂರ್ಯ ನೆತ್ತಿಯ ಮೇಲಿದ್ದರೆ ಅಕ್ಷರಗಳಿಗೆ ನೆರಳೇ ಬೀಳುವುದಿಲ್ಲ, ಇಡೀ ಇಟ್ಟಿಗೆ ಒಂದೇ ಬಣ್ಣಕ್ಕೆ ತಿರುಗುತ್ತದೆ. ಛತ್ರಿ ಹಿಡಿದೆ, ಎಲ್ಲವೂ ಮಸುಕಾಯಿತು. ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದೆ, ಎರಡು ಅಕ್ಷರ ಎದ್ದು ಬಂದವು. ಅಷ್ಟರಲ್ಲಿ ಮೊಬೈಲ್ ಕಾದು ತಾನೇ ಆರಿಹೋಯಿತು. ಇಷ್ಟು ದೂರ ಬಂದು ಬೆಳಕಿಗಾಗಿ ಕಾಯುವುದಕ್ಕಿಂತ ದೊಡ್ಡ ಕಿರಿಕಿರಿ ಇನ್ನೊಂದಿಲ್ಲ. ಇಂಥ ಮುದ್ರೆ ನೋಡುವುದಿದ್ದರೆ ಸಂಜೆ ಬನ್ನಿ, ಇಲ್ಲವೇ ಒಳ್ಳೆಯ ಟಾರ್ಚ್ ತನ್ನಿ.

ಕೊನೆಗೂ ನೆರಳು ಉದ್ದವಾಗಿದೆ. ಓದುತ್ತೇನೆ: ಪೈಟಿನೋ ಎಟ್ ಅಪ್ರೋನಿಯಾನೋ. ಇವರಿಬ್ಬರೂ ಕ್ರಿ.ಶ. 123ರ ಕಾನ್ಸಲ್‌ಗಳು, ಅಂದರೆ ಆ ವರ್ಷದ ಅತ್ಯುನ್ನತ ಅಧಿಕಾರಿಗಳು. ರೋಮನ್ನರು ವರ್ಷವನ್ನು ಗುರುತಿಸುತ್ತಿದ್ದುದು ಕಾನ್ಸಲ್‌ಗಳ ಹೆಸರಿನಿಂದ. ಹಾಗಾಗಿ ಈ ಇಟ್ಟಿಗೆ ತಾನು ತಯಾರಾದ ವರ್ಷವನ್ನು ತಾನೇ ಹೇಳುತ್ತಿದೆ. ರೋಮಿನ ಪ್ಯಾಂಥಿಯಾನ್ ದೇವಾಲಯದ ಹಣೆಯ ಮೇಲೆ, ಚಕ್ರವರ್ತಿ ಆಗಸ್ಟಸ್‌ನ ಸೇನಾಪತಿ ಅಗ್ರಿಪ್ಪ ಕಟ್ಟಿಸಿದನೆಂದು ದೊಡ್ಡಕ್ಷರಗಳಲ್ಲಿದೆ, ಜನ ಅದನ್ನೇ ನಂಬಿದ್ದರು. 1892ರಲ್ಲಿ ಫ್ರೆಂಚ್ ವಾಸ್ತುಶಿಲ್ಪಿ ಜಾರ್ಜ್ ಶೆಡಾನ್ ಗೋಡೆಯೊಳಗಿನ ಇಟ್ಟಿಗೆಗಳನ್ನು ನೋಡಿದಾಗ ಅವು ಅಗ್ರಿಪ್ಪನಿಗಿಂತ ನೂರಕ್ಕೂ ಹೆಚ್ಚು ವರ್ಷ ಈಚಿನವು ಎಂದು ತಿಳಿಯಿತು. ಹಣೆಬರಹಕ್ಕಿಂತ ಒಳಗಿನ ಮುದ್ರೆಯೇ ನಂಬಿಕೆಗೆ ಅರ್ಹವಾಗಿತ್ತು.

ಮುದ್ರೆಯೆಂದರೆ ಜಾಹೀರಾತು ಎಂದುಕೊಂಡೇ ಬಂದಿದ್ದೆ. ಈ ಗೋಡೆ ನೋಡಿದ ಮೇಲೆ ಹಾಗೆನ್ನಿಸುತ್ತಿಲ್ಲ. ಮುದ್ರೆಯಿರುವುದು ಇಟ್ಟಿಗೆಯ ಅಗಲ ಮುಖದ ಮೇಲೆ. ಗೋಡೆಗೆ ಇಟ್ಟ ಕೂಡಲೇ ಅದು ಗಾರೆಯಡಿ ಮುಚ್ಚಿಹೋಗುತ್ತದೆ. ಮನೆಯವರು ಅದನ್ನು ನೋಡುವುದೇ ಇಲ್ಲ. ಹಾಗಾದರೆ ಅದು ಭಟ್ಟಿಯ ಹತ್ತಿರವೇ ಬೇಕಾಗಿದ್ದ ಗುರುತು. ಮಣ್ಣು ಯಾರ ಜಮೀನಿನದು, ಇಟ್ಟಿಗೆ ಯಾರ ಕೈಕೆಳಗೆ ತಯಾರಾಯಿತು ಎಂಬ ಲೆಕ್ಕಕ್ಕೆ ಎಂಬುದೇ ಈಗ ನನ್ನ ಅಭಿಪ್ರಾಯ.

ಆ ಲೆಕ್ಕದಲ್ಲಿ ಎದ್ದು ಕಾಣುವ ಹೆಸರೊಂದು ಡೊಮಿಷಿಯಾ ಲುಸಿಲ್ಲಾ, ಚಕ್ರವರ್ತಿ ಮಾರ್ಕಸ್ ಆರೇಲಿಯಸ್‌ನ ತಾಯಿ. ವ್ಯಾಪಾರವನ್ನು ಕೀಳಾಗಿ ಕಾಣುತ್ತಿದ್ದ ಶ್ರೀಮಂತ ಮನೆತನಗಳಿಗೂ ಜಮೀನಿನ ಆದಾಯವೆಂದರೆ ಗೌರವ. ಜೇಡಿಮಣ್ಣು ಜಮೀನಿನದೇ ಅಲ್ಲವೇ! ಅವಳ ಭಟ್ಟಿಗಳು ಮಗನಿಗೆ ಬಂದವು. ಮುಂದೆ ಮೂರನೆಯ ಶತಮಾನದ ಹೊತ್ತಿಗೆ ರೋಮಿನ ಇಟ್ಟಿಗೆ ಉದ್ಯಮದ ಬಹುಪಾಲು ಚಕ್ರವರ್ತಿಗಳ ಕೈ ಸೇರಿತ್ತು. ಖಾಸಗಿ ಒಡೆಯರ ಹೆಸರುಗಳು ಒಂದೊಂದಾಗಿ ಕಾಣದಾಗುವುದನ್ನು ಮುದ್ರೆಗಳಲ್ಲೇ ನೋಡಬಹುದು.

ಮಣ್ಣು ತುಳಿದವರ ಹೆಸರು ಮಾತ್ರ ಅಪರೂಪ. ಇಲ್ಲಿಂದ ದೂರ, ದಕ್ಷಿಣ ಇಟಲಿಯ ಪಿಯೆತ್ರಾಬೊಂದಾಂತೆಯಲ್ಲಿ ಸಿಕ್ಕ ಹೆಂಚೊಂದು ಈ ಇಟ್ಟಿಗೆಗಿಂತ ಸುಮಾರು ಇನ್ನೂರು ವರ್ಷ ಹಳೆಯದು. ಡೆಟ್‌ಫ್ರಿ, ಅಮಿಕಾ ಎಂಬ ಇಬ್ಬರು ಗುಲಾಮ ಹೆಂಗಸರು ಹಸಿ ಮಣ್ಣಿನ ಮೇಲೆ ಪಾದವೂರಿ, ಒಬ್ಬಳು ಆ ಕಡೆಯ ಹಳೆಯ ಆಸ್ಕನ್ ಭಾಷೆಯಲ್ಲಿ, ಇನ್ನೊಬ್ಬಳು ಲ್ಯಾಟಿನ್‌ನಲ್ಲಿ ಬರೆದಿದ್ದಾರೆ. ಒಡೆಯರ ಸಾವಿರ ಮುದ್ರೆಗಳಿಗಿಂತ ನನಗೆ ಅದೊಂದೇ ಹೆಚ್ಚು. ಅದನ್ನು ನೋಡಲು ಖಂಡಿತ ಹೋಗುತ್ತೇನೆ.

ಗೇಟು ಮುಚ್ಚುವ ಹೊತ್ತಾಯಿತು, ಕಾವಲುಗಾರರು ಕೈ ತೋರಿಸುತ್ತಿದ್ದಾರೆ. ಸ್ನಾನಗೃಹದ ನೆಲದಡಿಯ ಇಟ್ಟಿಗೆ ಕಂಬಗಳನ್ನು ಓಡುತ್ತಲೇ ತೋರಿಸುತ್ತೇನೆ, ಬನ್ನಿ.