ಗಿಟಾರ್ ಇಲ್ಲದ ರಾಕ್: ಕೀನ್ ತಂಡದ ‘ಹೋಪ್ಸ್ ಆಂಡ್ ಫಿಯರ್ಸ್’

ಈ ಆಲ್ಬಂ ವಿಷಯ ಬಂದಾಗಲೆಲ್ಲ ಒಂದು ಮಾತು ಕೇಳಿಬರುತ್ತೆ: “ಪಿಯಾನೋ ಇದೆಯಲ್ಲ, ಅದಕ್ಕೇ ಅಷ್ಟೊಂದು ಬೇಸರದ ಛಾಯೆ.” ನಾನಿದನ್ನ ಒಪ್ಪಲ್ಲ. ಇಲ್ಲಿ ಪಿಯಾನೋ ಅಳೋಕೆ ಕೂತಿಲ್ಲ, ಗಿಟಾರಿನ ದುಡಿಮೆ ಮಾಡ್ತಿದೆ. ದುಃಖ ಹುಟ್ಟೋ ಜಾಗ ಬೇರೆ. ಅದನ್ನ ಸ್ವರ ಹಿಡಿದೇ ನೋಡೋಣ.

ಇಂಗ್ಲೆಂಡಿನ ಈಸ್ಟ್ ಸಸೆಕ್ಸ್‌ನಲ್ಲಿ ಬ್ಯಾಟಲ್ ಅನ್ನೋ ಪುಟ್ಟ ಊರು. ಕೀನ್ ಅಲ್ಲಿನ ತಂಡ. ಗಾಯಕ ಟಾಮ್ ಚಾಪ್ಲಿನ್, ಡ್ರಮ್ಸ್‌ಗೆ ರಿಚರ್ಡ್ ಹ್ಯೂಸ್, ಕೀಬೋರ್ಡ್‌ಗೆ ಟಿಮ್ ರೈಸ್-ಆಕ್ಸ್‌ಲಿ. 2001ರಲ್ಲಿ ಗಿಟಾರಿಸ್ಟ್ ಡಾಮಿನಿಕ್ ಸ್ಕಾಟ್ ತಂಡ ಬಿಟ್ಟರು. ಇನ್ನೊಬ್ಬ ಗಿಟಾರಿಸ್ಟ್‌ನ ಕರೆತರಲಿಲ್ಲ, ಆ ಖಾಲಿ ಜಾಗಾನ ಟಿಮ್ ಕೀಬೋರ್ಡಿನಲ್ಲೇ ತುಂಬಿದರು. ವೇದಿಕೆ ಮೇಲೆ ಬಾಸ್, ಅಂದ್ರೆ ತಳದ ಸ್ವರಗಳ ಸಾಲು, ಲ್ಯಾಪ್‌ಟಾಪಿನಿಂದ ಬರ್ತಿತ್ತು. 2004ರ ಮೇ 10ಕ್ಕೆ ಆಲ್ಬಂ ಬಂತು, ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿತು. ಮುಂದಿನ ವರ್ಷ ಬ್ರಿಟನ್ನಿನ ಸಂಗೀತ ಪ್ರಶಸ್ತಿಯಾದ ಬ್ರಿಟ್ ಕೂಡ ಸಿಕ್ಕಿತು.

ಟಿಮ್ ಹೆಸರಿನ ಜೊತೆ ಅಂಟಿಕೊಂಡ ವಾದ್ಯ ಯಮಹಾ ಸಿಪಿ-70 ಅನ್ನೋ ಎಲೆಕ್ಟ್ರಿಕ್ ಗ್ರ್ಯಾಂಡ್ ಪಿಯಾನೋ. 73 ಕೀ. ಒಳಗೆ ನಿಜವಾದ ಸುತ್ತಿಗೆ, ನಿಜವಾದ ತಂತಿ. ಆದರೆ ಸದ್ದನ್ನ ಹಿಗ್ಗಿಸೋ ಮರದ ಹಲಗೆ ಇಲ್ಲ, ಅದರ ಬದಲು ತಂತಿಯ ಕಂಪನವನ್ನ ವಿದ್ಯುತ್ ಸಂಕೇತ ಮಾಡೋ ಪಿಕಪ್‌ಗಳಿವೆ. ಹಾಗಾಗಿ ಎಲೆಕ್ಟ್ರಿಕ್ ಗಿಟಾರಿನ ಥರ ಸದ್ದು ಬದಲಿಸೋ ಪೆಡಲ್‌ಗೂ ಸದ್ದು ಹೆಚ್ಚಿಸೋ ಆಂಪ್‌ಗೂ ಜೋಡಿಸಬಹುದು. ತಂತಿ ಗಿಡ್ಡ ಆದ್ದರಿಂದ ಮಂದ್ರದಲ್ಲಿ ಸ್ವಲ್ಪ ಲೋಹದ ಖಣಖಣ ಇರುತ್ತೆ. ಡ್ರಮ್ಸ್ ಎಷ್ಟೇ ಜೋರಾಗಿದ್ದರೂ ಆ ಖಣಖಣ ಅದನ್ನ ಸೀಳಿಕೊಂಡು ಕಿವಿಗೆ ಬರುತ್ತೆ.

ಈಗ ಮೊದಲನೇ ಹಾಡು, ‘ಸಮ್‌ವೇರ್ ಓನ್ಲಿ ವೀ ನೋ’. ಎ ಮೇಜರ್‌ನಲ್ಲಿದೆ, ಅಂದ್ರೆ ಖುಷಿಯ ಸ್ಕೇಲ್! ಎ ಅನ್ನ ಷಡ್ಜ ಅಂತಿಟ್ಟುಕೊಂಡು ಬಾಸ್ ಕೇಳಿ: ಸ, ಕೆಳಗಿನ ನಿ, ರಿ, ಪ. ಬಲಗೈಯಲ್ಲಿ ಮೊದಲ ಕಾರ್ಡ್ (ಒಟ್ಟಿಗೆ ನುಡಿಸೋ ಸ್ವರಗಳ ಗುಚ್ಛ) ಸ-ಗ-ಪ. ಎರಡನೇದನ್ನ ಸರಳವಾಗಿ ಹಿಡಿದರೆ ನಿ-ಗ-ಪ. ಗ ಮತ್ತು ಪ ಕದಲಲ್ಲ, ಹೆಬ್ಬೆರಳು ಮಾತ್ರ ಸ ಬಿಟ್ಟು ಪಕ್ಕದ ನಿಗೆ ಜಾರುತ್ತೆ. ಮೂರನೇದು ರಿ-ಮ-ಧ. ನಾಲ್ಕನೇದರಲ್ಲಿ ಬಾಸ್ ಪಂಚಮಕ್ಕೆ ಬಂದಾಗ ಮೊದಲು ಸ-ರಿ-ಪ, ಆಮೇಲೆ ನಿ-ರಿ-ಪ. ಮತ್ತೆ ಅದೇ ಹೆಬ್ಬೆರಳು, ಅದೇ ಜಾರು. ಕಾಲ ಕೆಳಗಿನ ನೆಲ ಒಂದು ಸುತ್ತಿನಲ್ಲಿ ಎರಡು ಸಲ ಸರಿದ ಹಾಗೆ. ನನ್ನ ಪ್ರಕಾರ ಈ ಹಾಡಿನ ಸಂಕಟ ಇರೋದೇ ಆ ಅರ್ಧ ಸ್ವರದಲ್ಲಿ.

ಮನೆಯಲ್ಲಿ ನುಡಿಸೋರು ಎಡವೋದೂ ಇಲ್ಲೇ. ದುಃಖದ ಹಾಡು ಅಂದುಕೊಂಡು ಲಯ ಇಳಿಸ್ತಾರೆ, ಸ್ವರಗಳನ್ನ ಮೊಳಗ್ತಾ ಉಳಿಸೋ ಕಾಲಿನ ಸಸ್ಟೇನ್ ಪೆಡಲ್ ಒತ್ತಿ ಹಿಡೀತಾರೆ. ಆಗ ಹಿಂದಿನ ಸ, ಹೊಸ ನಿ ಎರಡೂ ಒಟ್ಟಿಗೆ ಗುಂಯ್ಗುಟ್ಟಿ ಜಾರು ಕೇಳಿಸೋದೇ ಇಲ್ಲ. ಲಯ ನಿಮಿಷಕ್ಕೆ 86 ಬಡಿತದ ಆಸುಪಾಸಿನಲ್ಲಿರಲಿ. ಬಡಿತಕ್ಕೆ ಎರಡರಂತೆ ಬಲಗೈ ಸಮನಾಗಿ ಹೊಡೀಲಿ, ಒಂದು ಜೋರು ಒಂದು ಮೆಲ್ಲಗೆ ಬೇಡ. ಕಾರ್ಡ್ ಬದಲಾದಾಗಲೆಲ್ಲ ಪೆಡಲ್ ಎತ್ತಿ ಮತ್ತೆ ಒತ್ತಿ. ಕೀಬೋರ್ಡಿನಲ್ಲಿ ಗ್ರ್ಯಾಂಡ್ ಪಿಯಾನೋ ಬದಲು ಎಲೆಕ್ಟ್ರಿಕ್ ಗ್ರ್ಯಾಂಡ್ ಟೋನ್ ಆರಿಸಿ. ರೆಕಾರ್ಡ್ ಮಾಡೋದಾದರೆ ಈಕ್ವಲೈಜರ್‌ನಲ್ಲಿ 250ರಿಂದ 400 ಹರ್ಟ್ಸ್ ನಡುವೆ ಎರಡು ಮೂರು ಡೆಸಿಬೆಲ್ ಇಳಿಸಿ, ಒಂಚೂರು ಓವರ್‌ಡ್ರೈವ್ (ಸದ್ದನ್ನ ತುಸು ಒರಟಾಗಿಸೋ ಎಫೆಕ್ಟ್) ಕೊಡಿ. ಜಾಸ್ತಿ ಕೊಟ್ಟರೆ ಮೂರು ಸ್ವರ ಕಲಸಿಹೋಗುತ್ತೆ.

2013ರಲ್ಲಿ ಗಾಯಕಿ ಲಿಲಿ ಆಲೆನ್ ಈ ಹಾಡನ್ನ ಮೆಲುದನಿಯಲ್ಲಿ ಹಾಡಿದರು, ಅದೂ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೆ ಹೋಯ್ತು. ಇಂಪಾಗಿದೆ, ಆದರೆ ಅದರಲ್ಲಿ ಜಗ್ಗಾಟ ಇಲ್ಲ. ಚಾಪ್ಲಿನ್ ತುಂಬು ಗಂಟಲಲ್ಲಿ ಮೇಲಕ್ಕೇರ್ತಾರೆ, ಅದೇ ಹೊತ್ತಿಗೆ ಕೆಳಗೆ ಸ ಜಾರ್ತಿರುತ್ತೆ. ಏರುತ್ತಾ ಇರೋ ದನಿ, ಇಳೀತಾ ಇರೋ ನೆಲ, ಎರಡೂ ಒಟ್ಟಿಗೆ ಬೇಕು.

ಆಲ್ಬಂಗೆ ಕೊರತೆ ಇಲ್ಲ ಅಂತಲ್ಲ. ದ್ವಿತೀಯಾರ್ಧದಲ್ಲಿ ನಿಧಾನದ ಹಾಡುಗಳು ಹತ್ತಿರ ಹತ್ತಿರ ಬಂದು ಓಟ ಕುಸಿಯುತ್ತೆ. ಕೊನೆಯ ‘ಬೆಡ್‌ಶೇಪ್ಡ್’ ಬಂದಾಗ ಮತ್ತೆ ಮೈನೆಟ್ಟಗಾಗುತ್ತೆ.

ಇವತ್ತೇ ಕೀಬೋರ್ಡ್ ಮುಂದೆ ಕೂತರೆ ಆ ನಾಲ್ಕು ಕಾರ್ಡ್ ಮಾತ್ರ ಹಿಡೀರಿ. ನಾಲ್ಕನೇದರ ಕೊನೆಯಲ್ಲಿ ಹೆಬ್ಬೆರಳು ನಿ ಮೇಲಿದ್ದಾಗ ಪೆಡಲ್ ಪೂರ್ತಿ ಬಿಟ್ಟುಬಿಡಿ. ಸದ್ದು ಒಣಗಿ ನಿಲ್ಲಲಿ, ಆಮೇಲೆ ಮುಂದಿನ ಸ.