ಮರದರಿಶಿನ, ಬ್ಯಾಕ್ಟೀರಿಯಾ ಮತ್ತು ನಮ್ಮ ಕಾಡು

ಎಲ್ಲರಿಗೂ ನಮಸ್ಕಾರ.

ಔಷಧಿ ಗಿಡಗಳ ಬಗ್ಗೆ ಮಾತಾಡಿ ಎಂದು ಕರೆದಿದ್ದೀರಿ. ನೂರು ಗಿಡಗಳ ಹೆಸರು, ನೂರು ಕಾಯಿಲೆಗಳ ಹೆಸರು ಹೇಳಿ ಮುಗಿಸಬಹುದು. ಅಂಥ ಪಟ್ಟಿಗಳು ಈಗ ಎಲ್ಲರ ಮೊಬೈಲಿನಲ್ಲೂ ಇವೆ. ನಾನು ಒಂದೇ ಬಳ್ಳಿಯನ್ನು ಹಿಡಿದು ಸ್ವಲ್ಪ ದೂರ ಹೋಗೋಣ ಅಂದುಕೊಂಡಿದ್ದೇನೆ. ಆ ಬಳ್ಳಿ ಮರದರಿಶಿನ. ಸಸ್ಯಶಾಸ್ತ್ರದ ಹೆಸರು ಕೊಸಿನಿಯಂ ಫೆನೆಸ್ಟ್ರೇಟಂ.

ಪಶ್ಚಿಮ ಘಟ್ಟದ ನಿತ್ಯಹಸಿರು ಕಾಡಿನಲ್ಲಿ ದೊಡ್ಡ ಮರಗಳಿಗೆ ಹಬ್ಬಿ ನೆತ್ತಿಯವರೆಗೂ ಹೋಗುವ ಬಳ್ಳಿ ಇದು. ಬಲಿತ ಕಾಂಡ ದಪ್ಪವಾಗಿರುತ್ತದೆ, ಕಟ್ಟಿಗೆಯಷ್ಟೇ ಗಟ್ಟಿ. ಕತ್ತರಿಸಿದರೆ ಒಳಗೆಲ್ಲ ಹಳದಿ. ಗಾಯಕ್ಕೆ, ಚರ್ಮರೋಗಕ್ಕೆ, ಜ್ವರಕ್ಕೆ, ಕಾಮಾಲೆಗೆ ನಾಟಿ ವೈದ್ಯರು ಇದನ್ನು ಬಳಸುತ್ತಾರೆ. ಶ್ರೀಲಂಕಾದಲ್ಲಿ ಇದೇ ಬಳ್ಳಿಗೆ ವೆನಿವೆಲ್ ಎನ್ನುತ್ತಾರೆ. ಅಲ್ಲೂ ಜ್ವರಕ್ಕೆ ಇದರ ಕಷಾಯ ಕುಡಿಯುತ್ತಾರೆ. ಆಯುರ್ವೇದದಲ್ಲಿ ದಾರುಹರಿದ್ರಾ ಎಂಬ ಮದ್ದು ಇದೆ. ಉತ್ತರದಲ್ಲಿ ಆ ಹೆಸರಿಗೆ ಹಿಮಾಲಯದ ಒಂದು ಮುಳ್ಳುಪೊದೆಯನ್ನು ಬಳಸುತ್ತಾರೆ, ದಕ್ಷಿಣದಲ್ಲಿ ನಮ್ಮ ಮರದರಿಶಿನವನ್ನು. ಎರಡೂ ಬೇರೆ ಬೇರೆ ಕುಟುಂಬದ ಗಿಡಗಳು. ನೋಡಲು ಒಂದಕ್ಕೊಂದು ಸಂಬಂಧವೇ ಇಲ್ಲ. ಆದರೆ ಎರಡರ ಹಳದಿಯೂ ಒಂದೇ ವಸ್ತುವಿನಿಂದ ಬಂದದ್ದು. ಅದರ ಹೆಸರು ಬರ್ಬೆರಿನ್. ಸುಮಾರು ಎರಡು ಸಾವಿರ ಕಿಲೋಮೀಟರ್ ದೂರದ ಎರಡು ಗಿಡಗಳನ್ನು ಒಂದೇ ಹೆಸರಿನಡಿ ಇಟ್ಟ ಹಳೆಯ ವೈದ್ಯರ ಕಣ್ಣು ಎಷ್ಟು ಚುರುಕಾಗಿತ್ತು, ಯೋಚಿಸಿ.

ಈ ಬರ್ಬೆರಿನ್ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ. ಗಿಡ ಅದನ್ನು ನಮಗಾಗಿ ಮಾಡಿಟ್ಟಿಲ್ಲ, ತನಗಾಗಿ ಮಾಡಿಕೊಂಡಿದೆ. ನಮ್ಮ ರಕ್ತದಲ್ಲಿ ರೋಗಾಣುಗಳನ್ನು ಹುಡುಕಿ ತಿನ್ನುವ ಜೀವಕೋಶಗಳು ಓಡಾಡುತ್ತವೆ. ಗಿಡಕ್ಕೆ ಅಂಥ ಓಡಾಡುವ ಕಾವಲುಗಾರರಿಲ್ಲ. ಓಡಿಹೋಗಿ ತಪ್ಪಿಸಿಕೊಳ್ಳಲು ಕಾಲೂ ಇಲ್ಲ. ಹಾಗಾಗಿ ಅದು ರಾಸಾಯನಿಕಗಳನ್ನು ನೆಚ್ಚಿಕೊಂಡಿದೆ. ಕೆಲವನ್ನು ಮೊದಲೇ ಮಾಡಿ ಕೂಡಿಟ್ಟುಕೊಳ್ಳುತ್ತದೆ. ಕೆಲವನ್ನು ಪೆಟ್ಟು ಬಿದ್ದ ಮೇಲೆ ಮಾಡುತ್ತದೆ. ಬೆಳ್ಳುಳ್ಳಿಯನ್ನೇ ನೋಡಿ. ಇಡೀ ಎಸಳಿಗೆ ಘಾಟು ಇರುವುದಿಲ್ಲ. ಜಜ್ಜಿದ ತಕ್ಷಣ ಒಳಗಿನ ಕಿಣ್ವ ಮತ್ತು ಅಲ್ಲಿಯವರೆಗೆ ದೂರವೇ ಇದ್ದ ಇನ್ನೊಂದು ವಸ್ತು ಸೇರಿ ಅಲಿಸಿನ್ ಹುಟ್ಟುತ್ತದೆ. ಅದಕ್ಕೆ ಬ್ಯಾಕ್ಟೀರಿಯಾ ಕೊಲ್ಲುವ ಶಕ್ತಿ ಇದೆ ಅಂತ 1944ರಲ್ಲೇ ಗೊತ್ತಾಗಿತ್ತು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಗಿಡಗಳಲ್ಲಿ ಇಷ್ಟೆಲ್ಲ ಇದ್ದರೆ, ಆಸ್ಪತ್ರೆಯಲ್ಲಿ ಕೊಡುವ ಆಂಟಿಬಯಾಟಿಕ್‌ಗಳಲ್ಲಿ ಹೆಚ್ಚಿನವು ಬೂಷ್ಟಿನಿಂದ, ಮಣ್ಣಿನ ಬ್ಯಾಕ್ಟೀರಿಯಾದಿಂದ ಯಾಕೆ ಬಂದವು? ಪೆನಿಸಿಲಿನ್ ಬೂಷ್ಟಿನದು. ಸ್ಟ್ರೆಪ್ಟೋಮೈಸಿನ್ ಮಣ್ಣಿನ ಬ್ಯಾಕ್ಟೀರಿಯಾದ್ದು. ಗಿಡದ್ದು ಯಾಕೆ ಒಂದೂ ಇಲ್ಲ?

ಉತ್ತರ ಸರಳ. ಪ್ರಯೋಗಾಲಯದಲ್ಲಿ ಅಳೆದು ನೋಡಿದರೆ ಗಿಡದ ವಸ್ತುಗಳು ದುರ್ಬಲ. ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯಲು ಒಂದು ಮಿಲಿಲೀಟರಿಗೆ 100ರಿಂದ 1000 ಮೈಕ್ರೋಗ್ರಾಂ ಬೇಕಾಗುತ್ತದೆ. ಒಳ್ಳೆಯ ಆಂಟಿಬಯಾಟಿಕ್‌ಗೆ ಅದರ ನೂರನೇ ಒಂದು ಪಾಲು, ಕೆಲವೊಮ್ಮೆ ಇನ್ನೂ ಕಡಿಮೆ ಸಾಕು. ಅಷ್ಟೊಂದು ಗಿಡದ ವಸ್ತುವನ್ನು ರಕ್ತಕ್ಕೆ ಸೇರಿಸಿದರೆ ಬ್ಯಾಕ್ಟೀರಿಯಾ ಜೊತೆ ರೋಗಿಗೂ ತೊಂದರೆ. ಹಾಗಾಗಿ ಕಂಪನಿಗಳು ಗಿಡಗಳನ್ನು ಬದಿಗಿಟ್ಟವು.

ಆದರೆ ಗಿಡಗಳು ಕೋಟ್ಯಂತರ ವರ್ಷಗಳಿಂದ ಇದೇ ವಸ್ತುಗಳನ್ನು ಇಟ್ಟುಕೊಂಡು ಬದುಕಿವೆ. ಕಾಡಿನ ಒದ್ದೆ ಮಣ್ಣಿನಲ್ಲಿ, ಲೆಕ್ಕವಿಲ್ಲದಷ್ಟು ರೋಗಾಣುಗಳ ನಡುವೆ. ಅಷ್ಟು ದುರ್ಬಲ ಅಸ್ತ್ರದಿಂದ ಅದು ಹೇಗೆ ಸಾಧ್ಯ?

ಇದಕ್ಕೆ ನನಗೆ ಬಹಳ ಇಷ್ಟವಾದ ಉತ್ತರ 2000ದಲ್ಲಿ ಬಂತು. ಅಮೆರಿಕದ ಫ್ರ್ಯಾಂಕ್ ಸ್ಟರ್ಮಿಟ್ಜ್, ಕಿಮ್ ಲೂಯಿಸ್ ಮತ್ತು ಅವರ ಜೊತೆಗಾರರು ಬರ್ಬೆರಿನ್ ಇರುವ ಅಲ್ಲಿನ ಒಂದು ಪೊದೆಯನ್ನು ಪರೀಕ್ಷಿಸಿದರು. ಅದು ನಮ್ಮ ಹಿಮಾಲಯದ ದಾರುಹರಿದ್ರಾದ ಹತ್ತಿರದ ಸಂಬಂಧಿ. ಅವರು ಎದುರಿಗಿಟ್ಟ ಬ್ಯಾಕ್ಟೀರಿಯಾ ಸ್ಟೆಫೈಲೋಕಾಕಸ್ ಆರಿಯಸ್, ಕುರು ಮತ್ತು ಗಾಯದ ಕೀವಿಗೆ ಕಾರಣವಾಗುವ ಜೀವಿ.

ಬರ್ಬೆರಿನ್ ಅಣುವಿಗೆ ಧನ ವಿದ್ಯುದಂಶ ಇದೆ. ಬ್ಯಾಕ್ಟೀರಿಯಾದ ಒಳಭಾಗ ಋಣ. ಹಾಗಾಗಿ ಬರ್ಬೆರಿನ್ ತಾನಾಗಿಯೇ ಒಳಗೆ ಸೇರಿಕೊಳ್ಳಬೇಕು, ಅಲ್ವಾ? ಸೇರಿಕೊಳ್ಳುತ್ತದೆ ಕೂಡ. ಆದರೆ ಈ ಬ್ಯಾಕ್ಟೀರಿಯಾದ ಪೊರೆಯಲ್ಲಿ ನಾರ್‌ಎ ಎಂಬ ಪ್ರೋಟೀನ್ ಇದೆ. ಅದರ ಕೆಲಸವೇ ಪಂಪಿನದು. ತೋಡಿದ ಬಾವಿಗೆ ಊಟೆ ನೀರು ಬರುತ್ತಿದ್ದ ಹಾಗೇ ಮೋಟಾರು ಎತ್ತಿ ಹೊರಗೆ ಹಾಕುವಂತೆ, ಬರ್ಬೆರಿನ್ ಒಳಗೆ ಬಂದಷ್ಟೂ ಅದು ಹೊರಗೆ ತಳ್ಳುತ್ತದೆ. ಒಳಗೆ ಸಾಕಷ್ಟು ಶೇಖರಣೆ ಆಗುವುದೇ ಇಲ್ಲ. ಬರ್ಬೆರಿನ್ ದುರ್ಬಲ ಅನ್ನಿಸುವುದಕ್ಕೆ ಇದೇ ಕಾರಣ.

ಆ ಪೊದೆಯ ಎಲೆಯಲ್ಲಿ ಇನ್ನೊಂದು ವಸ್ತು ಸಿಕ್ಕಿತು. 5'-ಮೆಥಾಕ್ಸಿಹಿಡ್ನೋಕಾರ್ಪಿನ್ ಅಂತ ಉದ್ದದ ಹೆಸರು. ಅದೊಂದನ್ನೇ ಹಾಕಿದರೆ ಬ್ಯಾಕ್ಟೀರಿಯಾಕ್ಕೆ ಏನೂ ಆಗುವುದಿಲ್ಲ. ಸುಮ್ನೆ ಆರಾಮವಾಗಿ ಬೆಳೆಯುತ್ತದೆ. ಆದರೆ ಬರ್ಬೆರಿನ್ ಜೊತೆ ಹಾಕಿದರೆ ಈ ವಸ್ತು ಪಂಪನ್ನು ಕಟ್ಟಿಹಾಕುತ್ತದೆ. ಬರ್ಬೆರಿನ್ ಒಳಗೆ ತುಂಬಿಕೊಳ್ಳುತ್ತದೆ. ಬ್ಯಾಕ್ಟೀರಿಯಾದ ಬೆಳವಣಿಗೆ ನಿಲ್ಲುತ್ತದೆ. ಒಬ್ಬ ಹೊಡೆಯುವವನು, ಇನ್ನೊಬ್ಬ ಬಾಗಿಲು ಹಿಡಿಯುವವನು. ಒಂದೇ ಗಿಡ ಇಬ್ಬರನ್ನೂ ಸಾಕಿದೆ.

ಈಗ ಯೋಚಿಸಿ. ಮಾಮೂಲಿ ರೀತಿಯಲ್ಲಿ ಗಿಡದ ರಸವನ್ನು ಒಂದೊಂದೇ ವಸ್ತುವಾಗಿ ಬೇರ್ಪಡಿಸಿ, ಒಂದೊಂದನ್ನೇ ಪರೀಕ್ಷಿಸಿದ್ದರೆ ಏನಾಗುತ್ತಿತ್ತು? ಈ ಎರಡನೆಯದನ್ನು ಕೆಲಸಕ್ಕೆ ಬಾರದ್ದು ಅಂತ ಚೆಲ್ಲಿಬಿಡುತ್ತಿದ್ದರು. ಎಷ್ಟು ಗಿಡಗಳಲ್ಲಿ ಹೀಗೆ ಚೆಲ್ಲಿಹೋಗಿದೆಯೋ ಎಂದು ನೆನೆದರೆ ನನಗೆ ಸಂಕಟವಾಗುತ್ತದೆ.

ಆ ಉದ್ದನೆಯ ಹೆಸರಿನ ಹಿಂದೆ ನಮ್ಮದೇ ಕಾಡಿನ ಒಂದು ಮರ ಇದೆ. ಹಿಡ್ನೋಕಾರ್ಪಸ್ ನಮ್ಮ ಘಟ್ಟದ ಹಳ್ಳಗಳ ಬದಿಯಲ್ಲಿ ಬೆಳೆಯುವ ಮರ. ಕನ್ನಡದಲ್ಲಿ ಗರುಡಫಲ ಅನ್ನುತ್ತಾರೆ. ಸುಶ್ರುತರ ಕಾಲದಲ್ಲಿ ಅದು ತುವರಕ. ಅದರ ಬೀಜದ ಎಣ್ಣೆ ಕುಷ್ಠರೋಗಕ್ಕೆ ಮದ್ದಾಗಿತ್ತು. ಇದನ್ನೂ ಇದರ ಸಂಬಂಧಿ ಮರಗಳ ಎಣ್ಣೆಯನ್ನೂ ಚಾಲ್‌ಮೂಗ್ರ ಎಣ್ಣೆ ಎಂದು ಜಗತ್ತು ಕರೆಯಿತು. ಆದರೆ ಅದನ್ನು ಕುಡಿದರೆ ವಾಂತಿ. ಚುಚ್ಚಿದರೆ ಚರ್ಮದ ಅಡಿಯಲ್ಲಿ ಗಂಟು ಕಟ್ಟುತ್ತಿತ್ತು. 1915ರ ಹೊತ್ತಿಗೆ ಹವಾಯಿಯ ಆಲಿಸ್ ಬಾಲ್ ಎಂಬ ಯುವ ಕಪ್ಪು ರಸಾಯನ ವಿಜ್ಞಾನಿ ಈ ಎಣ್ಣೆಯನ್ನು ದೇಹ ಹೀರಿಕೊಳ್ಳುವ ಇಂಜೆಕ್ಷನ್ ಆಗಿ ಬದಲಾಯಿಸುವ ದಾರಿ ಕಂಡುಹಿಡಿದರು. ಮರುವರ್ಷವೇ ತೀರಿಕೊಂಡರು. ಆಗ ಅವರಿಗೆ ಬರೀ 24 ವರ್ಷ. ಕೆಲಸವನ್ನು ಮುಂದುವರಿಸಿದವರು ಅವರ ಹೆಸರನ್ನೇ ಬಿಟ್ಟುಬಿಟ್ಟರು. 1940ರ ದಶಕದಲ್ಲಿ ಸಲ್ಫೋನ್ ಔಷಧಿಗಳು ಬರುವವರೆಗೆ ಸಾವಿರಾರು ರೋಗಿಗಳಿಗೆ ಆ ಇಂಜೆಕ್ಷನ್ನೇ ಆಸರೆಯಾಗಿತ್ತು. ಗರುಡಫಲದ ಮರ ನೋಡಿದಾಗ ಆಲಿಸ್ ಬಾಲ್ ಹೆಸರನ್ನು ಒಮ್ಮೆ ನೆನಪಿಸಿಕೊಳ್ಳಿ, ಅಷ್ಟೇ ನನ್ನ ಕೋರಿಕೆ. ಇದೇ ಮರದ ಬೀಜದಿಂದ ನಮ್ಮ ದೇಶದ ವಿಜ್ಞಾನಿಗಳಾದ ರಂಗನಾಥನ್ ಮತ್ತು ಶೇಷಾದ್ರಿ 1973ರಲ್ಲಿ ಹಿಡ್ನೋಕಾರ್ಪಿನ್ ಬೇರ್ಪಡಿಸಿದ್ದರು. ಬಾಗಿಲು ಹಿಡಿಯುವವನ ಹೆಸರು ಬಂದದ್ದು ಹಾಗೆ.

2002ರಲ್ಲಿ ಲೂಯಿಸ್ ಅವರ ತಂಡ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಬ್ಯಾಕ್ಟೀರಿಯಾಗಳ ಪಂಪುಗಳನ್ನೇ ನಿಷ್ಕ್ರಿಯ ಮಾಡಿ ಹಲವು ಗಿಡಗಳ ವಸ್ತುಗಳನ್ನು ಪರೀಕ್ಷಿಸಿದರು. ರೇವಲಚಿನ್ನಿ ಬೇರಿನಲ್ಲಿರುವ ರೈನ್ ಎಂಬ ವಸ್ತುವಿನ ಶಕ್ತಿ, ಬ್ಯಾಕ್ಟೀರಿಯಾಕ್ಕೆ ತಕ್ಕಂತೆ, 100ರಿಂದ 2000 ಪಟ್ಟು ಹೆಚ್ಚಿತು. ಪ್ಲಂಬಾಜಿನ್ ವಿಷಯದಲ್ಲೂ ಹೆಚ್ಚು ಕಡಿಮೆ ಹೀಗೇ ಆಯಿತು. ಪ್ಲಂಬಾಜಿನ್ ಎಲ್ಲಿದೆ ಗೊತ್ತಾ? ನಮ್ಮ ಚಿತ್ರಮೂಲದ ಬೇರಿನಲ್ಲಿ. ಗಿಡದ ವಸ್ತು ದುರ್ಬಲ ಅನ್ನುವ ತೀರ್ಪನ್ನು ನಾವು ಅವಸರದಲ್ಲಿ ಕೊಟ್ಟಿದ್ದೆವು ಅಂತ ಇದರಿಂದ ಸ್ಪಷ್ಟವಾಗುತ್ತದೆ.

ಇದು ಬರೀ ಕುತೂಹಲದ ಮಾತಲ್ಲ. ಆಂಟಿಬಯಾಟಿಕ್‌ಗೆ ಬಗ್ಗದ ಬ್ಯಾಕ್ಟೀರಿಯಾಗಳಿಂದ 2019ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ನೇರವಾಗಿ ಸತ್ತರು ಎಂದು ಅಂದಾಜು. ಹೊಸ ಆಂಟಿಬಯಾಟಿಕ್ ಬರುವುದು ಬಹಳ ನಿಧಾನ. ಇರುವ ಔಷಧಿಗೆ ಬಾಗಿಲು ಹಿಡಿಯುವ ಒಬ್ಬ ಜೊತೆಗಾರ ಸಿಕ್ಕಿದರೂ ದೊಡ್ಡ ಸಹಾಯ. ಜೊತೆಗಾರರನ್ನು ಹುಡುಕಬೇಕಾದ ಜಾಗ ಕಾಡು.

ಹಳೆಯ ಮದ್ದಿನ ವಿಧಾನಗಳಲ್ಲೂ ಈ ಸುಳಿವು ಇದೆ. ಇಂಗ್ಲೆಂಡಿನ ಸುಮಾರು 1000 ವರ್ಷ ಹಳೆಯ ಒಂದು ಹಸ್ತಪ್ರತಿಯಲ್ಲಿ ಕಣ್ಣಿನ ಮದ್ದೊಂದು ಇದೆ. ಬೆಳ್ಳುಳ್ಳಿ, ಈರುಳ್ಳಿ ಜಾತಿಯ ಇನ್ನೊಂದು ಗಡ್ಡೆ, ವೈನ್, ದನದ ಪಿತ್ತರಸ. ಬೆರೆಸಿ 9 ರಾತ್ರಿ ಇಡಬೇಕು. 2015ರಲ್ಲಿ ನಾಟಿಂಗ್‌ಹ್ಯಾಮ್‌ನಲ್ಲಿ ಸೂಕ್ಷ್ಮಜೀವಿ ವಿಜ್ಞಾನಿಗಳೂ ಹಳೆಯ ಇಂಗ್ಲಿಷ್ ಬಲ್ಲವರೂ ಕೂಡಿ, ಬರೆದ ಹಾಗೇ ಮಾಡಿ ನೋಡಿದರು. ಹಲವು ಆಂಟಿಬಯಾಟಿಕ್‌ಗೆ ಬಗ್ಗದ ಸ್ಟೆಫೈಲೋಕಾಕಸನ್ನು ಅದು ಕೊಂದಿತು. ಒಂದು ಸಾಮಗ್ರಿ ಬಿಟ್ಟರೆ ಆ ಬಲ ಇರಲಿಲ್ಲ. ಚೀನಾದ ತು ಯೂಯೂ ಅವರ ಕಥೆ ನಿಮಗೆ ಗೊತ್ತಿರಬಹುದು. ಅವರದು ಮಲೇರಿಯಾ, ಬ್ಯಾಕ್ಟೀರಿಯಾ ಅಲ್ಲ. ಆದರೂ ಪಾಠ ಒಂದೇ. ಹಳೆಯ ಗ್ರಂಥದಲ್ಲಿ ಗಿಡವನ್ನು ನೀರಲ್ಲಿ ನೆನೆಸಿ ಹಿಂಡಿ ಕುಡಿಯಿರಿ ಅಂತ ಇತ್ತು, ಕುದಿಸಿ ಅಂತ ಇರಲಿಲ್ಲ. ಬಿಸಿ ಮಾಡಿದರೆ ಸತ್ವ ಹಾಳಾಗುತ್ತದೇನೋ ಎಂದು ಅವರಿಗೆ ಹೊಳೆಯಿತು. ಕಡಿಮೆ ಉಷ್ಣತೆಯಲ್ಲಿ ಈಥರ್ ಬಳಸಿ ಸಾರ ತೆಗೆದರು. ಆರ್ಟೆಮಿಸಿನಿನ್ ಸಿಕ್ಕಿತು. 2015ರಲ್ಲಿ ನೊಬೆಲ್ ಬಂತು.

ಹಾಗಾಗಿ ನಾಟಿ ವೈದ್ಯರ ಹತ್ತಿರ ಹೋದಾಗ ಗಿಡದ ಹೆಸರೊಂದನ್ನೇ ಬರೆದುಕೊಂಡು ಬರಬೇಡಿ. ಯಾವ ಭಾಗ, ಯಾವ ತಿಂಗಳು, ಹಸಿಯೋ ಒಣಗಿಸಿದ್ದೋ, ಹಾಲಿನಲ್ಲೋ ನೀರಿನಲ್ಲೋ, ಜೊತೆಗೆ ಇನ್ನೇನು ಹಾಕುತ್ತಾರೆ, ಎಲ್ಲ ಕೇಳಿ. ಅವರು ಜೊತೆಗೆ ಎರಡು ಕಾಳುಮೆಣಸು ಹಾಕುತ್ತೇವೆ ಅಂದರೆ ಅದನ್ನೂ ಬರೆಯಿರಿ. ಅವರ ಹೆಸರನ್ನೂ ಅವರ ಒಪ್ಪಿಗೆ ಪಡೆದು ಬರೆಯಿರಿ. ಕೇರಳದಲ್ಲಿ 1987ರಲ್ಲಿ ಅಗಸ್ತ್ಯ ಬೆಟ್ಟದ ಕಾಣಿ ಜನ ಆರೋಗ್ಯಪಚ್ಚೆ ಎಂಬ ಗಿಡವನ್ನು ವಿಜ್ಞಾನಿಗಳಿಗೆ ತೋರಿಸಿದರು. ಅದರಿಂದ ತಯಾರಾದ ಔಷಧಿಯ ಪರವಾನಗಿ ಹಣ ಮತ್ತು ರಾಯಲ್ಟಿಯಲ್ಲಿ ಅರ್ಧ ಕಾಣಿ ಸಮುದಾಯಕ್ಕೆ ಅಂತ ಪಾಲೋಡಿನ ಸಂಶೋಧನಾ ಸಂಸ್ಥೆ ಒಪ್ಪಿಕೊಂಡಿತು. ಅದು ನಡೆದುಬಂದ ದಾರಿಯಲ್ಲಿ ಏರುಪೇರುಗಳಿದ್ದವು. ಆದರೂ ಅಂಥ ಒಪ್ಪಂದ ಸಾಧ್ಯ ಅಂತ ಅವರು ತೋರಿಸಿದರು.

ಇನ್ನು ನಮ್ಮ ಕಾಲೇಜುಗಳಲ್ಲಿ ನಡೆಯುವ ಪ್ರಯೋಗಗಳ ಬಗ್ಗೆ ಎರಡು ಮಾತು. ಎಲೆ ಒಣಗಿಸುವುದು, ಪುಡಿ ಮಾಡುವುದು, ಮೆಥನಾಲ್‌ನಲ್ಲಿ ಸಾರ ತೆಗೆಯುವುದು, ಬ್ಯಾಕ್ಟೀರಿಯಾ ಬೆಳೆಸುವ ಅಗಾರ್ ತಟ್ಟೆಯಲ್ಲಿ ತೂತು ಮಾಡಿ ಹಾಕುವುದು, ಸುತ್ತ ಬ್ಯಾಕ್ಟೀರಿಯಾ ಬೆಳೆಯದ ವೃತ್ತವನ್ನು ಸ್ಕೇಲಿನಲ್ಲಿ ಅಳೆಯುವುದು. ಇದು ಒಳ್ಳೆಯ ಆರಂಭ. ಆದರೆ ಅಲ್ಲಿಗೇ ನಿಲ್ಲುತ್ತೇವೆ. ಬರೀ ಮೆಥನಾಲ್ ಹಾಕಿದ ತೂತು ಪಕ್ಕದಲ್ಲಿ ಇರಲೇಬೇಕು, ಇಲ್ಲದಿದ್ದರೆ ಕೊಂದದ್ದು ಗಿಡವೋ ಮೆಥನಾಲೋ ಗೊತ್ತಾಗುವುದಿಲ್ಲ. ವೃತ್ತ ದೊಡ್ಡದಾದ ಮಾತ್ರಕ್ಕೆ ಮದ್ದು ಜಾಸ್ತಿ ಬಲವಾದದ್ದು ಅಂತಲ್ಲ. ಕೆಲವು ವಸ್ತುಗಳು ಅಗಾರ್‌ನಲ್ಲಿ ಬೇಗ ಹರಡುತ್ತವೆ, ಕೆಲವು ಹರಡುವುದೇ ಇಲ್ಲ. ಎಷ್ಟು ಕಡಿಮೆ ಪ್ರಮಾಣದಲ್ಲಿ ಬೆಳವಣಿಗೆ ನಿಲ್ಲುತ್ತದೆ ಎಂದು ಅಳೆಯಬೇಕು. ಇ. ಕೋಲಿಯಂಥ ಬ್ಯಾಕ್ಟೀರಿಯಾಗಳಿಗೆ ಹೊರಗೊಂದು ಹೆಚ್ಚಿನ ಪೊರೆ ಇದೆ, ಜೊತೆಗೆ ಪಂಪುಗಳೂ ಇವೆ. ಸ್ಟೆಫೈಲೋಕಾಕಸ್ ಮೇಲೆ ಕೆಲಸ ಮಾಡಿದ್ದು ಅಲ್ಲಿ ಸೋಲುವುದು ಮಾಮೂಲು. ಸೋತದ್ದನ್ನೂ ವರದಿಯಲ್ಲಿ ಬರೆಯಿರಿ. ಮುಖ್ಯವಾಗಿ, ಸಾರವನ್ನು ಒಂದು ಹಳೆಯ ಆಂಟಿಬಯಾಟಿಕ್ ಜೊತೆ ಸೇರಿಸಿಯೂ ಪರೀಕ್ಷಿಸಿ. ಜೊತೆಗಾರ ಸಿಗುವುದು ಅಲ್ಲೇ.

ನೈಸರ್ಗಿಕವಾದದ್ದು ಅಪಾಯವಿಲ್ಲ ಎಂಬ ಮಾತನ್ನು ದಯವಿಟ್ಟು ಬಿಡೋಣ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸುವ ಮಾತ್ರೆಗಳಲ್ಲಿ ಒಂದು ಚೀನೀ ಗಿಡದ ಬದಲು ಇನ್ನೊಂದು ಸೇರಿಹೋಯಿತು. ಬಹಳ ಮಂದಿ ಹೆಂಗಸರ ಮೂತ್ರಪಿಂಡ ಹಾಳಾಯಿತು. ಕೆಲವರಿಗೆ ನಂತರ ಕ್ಯಾನ್ಸರ್ ಕೂಡ ಬಂತು. ಕಾರಣ ಹಾಗೆ ಸೇರಿಹೋದ ಗಿಡದಲ್ಲಿದ್ದ ಅರಿಸ್ಟೋಲೋಕಿಕ್ ಆಮ್ಲ. ಅದೇ ಜಾತಿಯ ಗಿಡ ನಮ್ಮ ಈಶ್ವರಿ ಬಳ್ಳಿ. ಅದನ್ನು ಮನೆಮದ್ದಾಗಿ ಒಳಗೆ ತೆಗೆದುಕೊಳ್ಳಬಾರದು, ಖಡಾಖಂಡಿತವಾಗಿ ಹೇಳುತ್ತೇನೆ. ಹಾಗೆಯೇ ಡಾಕ್ಟರು ಬರೆದುಕೊಟ್ಟ ಆಂಟಿಬಯಾಟಿಕ್ ಬಿಟ್ಟು ಕಷಾಯ ಕುಡಿಯಿರಿ ಅಂತ ನಾನು ಹೇಳುತ್ತಿಲ್ಲ.

ಈಗ ಮತ್ತೆ ಮರದರಿಶಿನಕ್ಕೆ ಬರೋಣ. ಈ ಬಳ್ಳಿಯಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಎರಡೂ ಹತ್ತಿರ ಇದ್ದರೆ ಮಾತ್ರ ಕಾಯಿ. ಬೀಜ ಮೊಳೆಯುವುದು ನಿಧಾನ. ಬಲಿಯಲು ಹಲವು ವರ್ಷ ಬೇಕು. ಮಾರುಕಟ್ಟೆಗೆ ಬೇಕಾದದ್ದು ಬಲಿತ ಕಾಂಡ ಮತ್ತು ಬೇರು. ಅಂದರೆ ಬೀಜ ಕೊಡುವ ಬಳ್ಳಿಗಳೇ ಮೊದಲು ಕತ್ತಿಗೆ ಸಿಗುತ್ತವೆ. ದಕ್ಷಿಣ ಭಾರತದ ಔಷಧಿ ಸಸ್ಯಗಳನ್ನು ತಜ್ಞರು ಕೂತು ಪರಿಶೀಲಿಸಿದಾಗ ಇದನ್ನು ತೀರಾ ಅಳಿವಿನಂಚಿನಲ್ಲಿರುವ ಸಸ್ಯ ಎಂದು ಗುರುತಿಸಿದರು. 1990ರ ದಶಕದಲ್ಲಿ ನಮ್ಮ ಅರಣ್ಯ ಇಲಾಖೆ, ನಾಟಿ ವೈದ್ಯ ಪರಂಪರೆಗಳ ಪುನಶ್ಚೇತನಕ್ಕೆಂದು ಹುಟ್ಟಿದ ಬೆಂಗಳೂರಿನ ಎಫ್‌ಆರ್‌ಎಲ್‌ಎಚ್‌ಟಿ ಸಂಸ್ಥೆಯ ಜೊತೆ ಸೇರಿ ಸಾವನದುರ್ಗ, ದೇವರಾಯನದುರ್ಗ, ಆಗುಂಬೆ, ತಲಕಾವೇರಿ ಮುಂತಾದ ಕಡೆ ಔಷಧಿ ಸಸ್ಯಗಳ ರಕ್ಷಣೆಗೆಂದೇ ಕಾಡಿನ ಭಾಗಗಳನ್ನು ಗುರುತಿಸಿತು. ಗಿಡವನ್ನು ಅದರ ಜಾಗದಲ್ಲೇ ಉಳಿಸಬೇಕು ಎಂಬುದು ಅಲ್ಲಿನ ಯೋಚನೆ. ಅದು ಸರಿಯಾದ ಯೋಚನೆ. ನರ್ಸರಿಯಲ್ಲಿ ಸಸಿ ಬೆಳೆಸಬಹುದು. ಆದರೆ ಹಬ್ಬಲು ದೊಡ್ಡ ಮರ ಬೇಕು, ಒದ್ದೆ ಮಣ್ಣು ಬೇಕು. ರೋಗಾಣುಗಳೂ ಕೀಟಗಳೂ ಸುತ್ತ ಇದ್ದರೇ ಗಿಡ ತನ್ನ ಅಸ್ತ್ರಗಳನ್ನು ಪೂರ್ತಿ ತಯಾರಿಸುತ್ತದೆ.

ಈ ವರ್ಷ ಪ್ರಾಜೆಕ್ಟ್ ಆರಿಸಿಕೊಳ್ಳುವ ವಿದ್ಯಾರ್ಥಿಗಳಿಗೆ ಒಂದು ಸಲಹೆ. ಅಮೆರಿಕದ ಆ ಪೊದೆಯಲ್ಲಿ ಬಾಗಿಲು ಹಿಡಿಯುವವನು ಸಿಕ್ಕಿದ್ದು ಎಲೆಯಲ್ಲಿ. ನಾವು ಮರದರಿಶಿನದ ಕಾಂಡವನ್ನೇ ಹಿಡಿದು ಕೂತಿದ್ದೇವೆ. ಎಲೆ ಕಿತ್ತರೆ ಬಳ್ಳಿ ಸಾಯುವುದಿಲ್ಲ. ಅರಣ್ಯ ಇಲಾಖೆಯ ಅನುಮತಿ ಪಡೆದು, ಒಂದೊಂದು ಬಳ್ಳಿಯಿಂದ ಕೆಲವೇ ಎಲೆ ತನ್ನಿ. ಒಂದು ಮಾದರಿಯನ್ನು ಒತ್ತಿ ಒಣಗಿಸಿ ಹರ್ಬೇರಿಯಂನಲ್ಲಿ ಇಡಿ, ನಾಳೆ ಯಾರಾದರೂ ಗಿಡ ಇದೇ ಹೌದಾ ಎಂದು ಕೇಳಿದರೆ ತೋರಿಸಬಹುದು. ಎಲೆಯ ಸಾರವನ್ನು ಒಂಟಿಯಾಗಿ, ಬರ್ಬೆರಿನ್ ಜೊತೆ, ಆಂಟಿಬಯಾಟಿಕ್ ಜೊತೆ, ಹೀಗೆ ಮೂರು ರೀತಿ ಪರೀಕ್ಷಿಸಿ. ಇದಕ್ಕೆ ದುಬಾರಿ ಯಂತ್ರ ಬೇಕಿಲ್ಲ. ನಿಮ್ಮ ಕಾಲೇಜಿನ ಸೂಕ್ಷ್ಮಜೀವಿ ವಿಭಾಗದಲ್ಲಿ ಇರುವ ಸಲಕರಣೆಯೇ ಸಾಕು. ಶುರು ಮಾಡುವವರು ಮಾತು ಮುಗಿದ ಮೇಲೆ ಬನ್ನಿ, ಪ್ರಮಾಣಗಳನ್ನು ಕೂತು ಲೆಕ್ಕ ಹಾಕೋಣ.